ಎಂಬತ್ತೇಳು

ಪ್ರಶ್ನೆ ನಾಲ್ಕು. ಒಂದು ಕಿಲೋ ನೀರು,
ಹನ್ನೆರಡು ಡಿಗ್ರಿಯಲ್ಲಿದೆ. ಕುದಿಬಿಂದುವಿಗೆ ತರಲು
ಎಷ್ಟು ಶಾಖ ಬೇಕು?
ದತ್ತಾಂಶ, ಸೂತ್ರ, ಆದೇಶ, ಉತ್ತರ, ಏಕಮಾನ:
ಐದು ಮೆಟ್ಟಿಲು, ಮೆಟ್ಟಿಲಿಗೊಂದು ಅಂಕ.
ನಲವತ್ತೊಂದು ಹಾಳೆಗಳಲ್ಲಿ ನೂರರಿಂದ ಹನ್ನೆರಡು ಕಳೆದು
ಎಂಬತ್ತೆಂಟು ಬಂದಿತ್ತು.
ಒಂದರಲ್ಲಿ ಎಪ್ಪತ್ತೈದು.

ವಾರಾ ಕಾಯಿಸಾಯಾ. ಕೊನೆಯ ಬೆಂಚು,
ಒಡೆದ ಗಾಜಿಗೆ ರಟ್ಟು ಅಂಟಿಸಿದ ಕಿಟಕಿಯ ಪಕ್ಕ.
ಸೂತ್ರ ಸರಿ. ಗುಣಾಕಾರ ಸರಿ. ಜೂಲ್ ಬರೆಯುವುದನ್ನೂ ಮರೆತಿಲ್ಲ.
ಮೂರು ಲಕ್ಷದ ಹದಿನೈದು ಸಾವಿರ.
ಕೆಂಪು ಗೀಟು ಎಳೆದೆ. ನೀರು ಕುದಿಯುವುದು ನೂರಕ್ಕೆ,
ಆರನೇ ತರಗತಿಯ ಪಾಠ, ಎಂದು ಬದಿಯಲ್ಲಿ ಬರೆದೆ,
ಸ್ವಲ್ಪ ದೊಡ್ಡ ಅಕ್ಷರದಲ್ಲೇ.

ಅವಳು ವಾದಿಸಲಿಲ್ಲ. ಲ್ಯಾಬಿನ ಥರ್ಮಾಮೀಟರ್ ಕೇಳಿದಳು.
ಇದ್ದದ್ದು ಒಂದೇ; ಕೊಡುವಾಗ ಕೈ ಹಿಂಜರಿಯಿತು.

ಸಾಂತಾ ಕ್ರೂಸಿನ ಸೆಕೆಯಲ್ಲಿ ಓದಿ, ಹದಿನೆಂಟು ತಾಸು ಬಸ್ಸಿನಲ್ಲಿ ಏರಿ
ಎಲ್ ಆಲ್ಟೋದ ಈ ಚಳಿಗೆ ಬಂದವನು ನಾನು.
ಮೊದಲ ತಿಂಗಳೆಲ್ಲ ಹತ್ತು ಹೆಜ್ಜೆಗೊಂದು ಏದುಸಿರು,
ಬೀನ್ಸ್ ಕಾಳು ಒಲೆಗಿಟ್ಟರೆ ಮೂರು ತಾಸಾದರೂ ಹಲ್ಲಿಗೆ ಕಲ್ಲು.
ಹಳೇ ಕಾಳು ಕೊಟ್ಟನೆಂದು ಅಂಗಡಿಯವನನ್ನು ಬೈದು ಬಂದೆ.
ಗಾಳಿಯ ಒತ್ತಡವನ್ನು ಹಲಗೆಯ ಮೇಲೆ ಅಷ್ಟು ಚೆಂದ ಬಿಡಿಸುವವನಿಗೆ
ಒಲೆಯ ಮುಂದೆ ಅದು ನೆನಪಾಗಲೇ ಇಲ್ಲ.

ಸೋಮವಾರ ಥರ್ಮಾಮೀಟರ್ ವಾಪಸು ಬಂತು,
ಉಣ್ಣೆಯ ಕಾಲ್ಚೀಲದೊಳಗೆ ಬೆಚ್ಚಗೆ ಮಲಗಿ.
ಜೊತೆಗೊಂದು ಚೀಟಿ, ನಿಮಿಷಕ್ಕೊಂದರಂತೆ:
ಹನ್ನೆರಡು, ಮೂವತ್ತೊಂದು, ಐವತ್ತು, ಅರವತ್ತೇಳು,
ಎಂಬತ್ತು, ಎಂಬತ್ತಾರು, ಎಂಬತ್ತೇಳು,
ಎಂಬತ್ತೇಳು,
ಎಂಬತ್ತೇಳು,
ಎಂಬತ್ತೇಳು. ಇಲ್ಲಿಗೆ ಅಮ್ಮ ಗ್ಯಾಸ್ ಆರಿಸಿದಳು.

ಉಪಕರಣ ಕೆಟ್ಟಿದೆ ಅಂದುಕೊಂಡೆ.
ನಮ್ಮಂಥವರಿಗೆ ಮೊದಲು ಹೊಳೆಯುವುದು ಅದೇ.

ಬೆಳಗಿನ ಜಾವ ಕೇಬಲ್ ಕಾರ್ ನಿಲ್ದಾಣದ ಬುಡಕ್ಕೆ ಹೋದೆ,
ಬಾಸಿಲಿಯಾ ನೇರಳೆ ಜೋಳದ ಆಪಿ ಮಾರುವ ಗಾಡಿಗೆ.
ಮೊದಲು ಬರೀ ನೀರು, ಹಿಟ್ಟು ಆಮೇಲೆ.
ಪಾತ್ರೆ ಕೊತಕೊತ. ಆವಿಯಲ್ಲಿ ಆಕೆಯ ಟೋಪಿ ಮುಳುಗಿತ್ತು.
ಪಾದರಸ ಎಂಬತ್ತೇಳಕ್ಕೆ ಬಂದು ನಿಂತಿತು,
ಸೇತುವೆಯ ಮೇಲೆ ಕತ್ತೆ ನಿಂತ ಹಾಗೆ.
ಉರಿ ಏರಿಸಿದಳು. ಕುದಿ ಹೆಚ್ಚಿತು, ಆವಿ ಹೆಚ್ಚಿತು,
ಗೆರೆ ಅಲ್ಲಾಡಲಿಲ್ಲ.
"ಎಷ್ಟು ಉರಿಸಿದರೂ ಅಷ್ಟೇ ಮೇಷ್ಟ್ರೇ,
ಸಿಲಿಂಡರ್ ಬೇಗ ಮುಗಿಯುತ್ತೆ, ಅಷ್ಟೇ ಲಾಭ."
ಗುಪ್ತೋಷ್ಣದ ಪಾಠವನ್ನು ಇಷ್ಟು ಚಿಕ್ಕದಾಗಿ
ನಾನು ಯಾವತ್ತೂ ಮುಗಿಸಿದ್ದಿಲ್ಲ.

ಕೆಂಪು ಗೀಟಿನ ಮೇಲೆ ಇನ್ನೊಂದು ಗೀಟು. ಐದಕ್ಕೆ ಐದು.
ಜಿಲ್ಲಾ ಕಚೇರಿ ಹಾಳೆಯನ್ನು ಹಿಂದಕ್ಕೆ ಕಳಿಸಿತು:
ಉತ್ತರಪಟ್ಟಿಯ ಪ್ರಕಾರ
ಮೂರು ಲಕ್ಷದ ಅರವತ್ತೊಂಬತ್ತು ಸಾವಿರದ ಆರುನೂರು.
ಮೊಹರು ಮಾತ್ರ ಬಹಳ ಸ್ಪಷ್ಟವಾಗಿತ್ತು.

ಮಾರನೇ ದಿನ ಹಲಗೆಯ ಮೇಲೆ ಹೊಸ ಲೆಕ್ಕ:
ಒಬ್ಬರ ಮನೆಯಲ್ಲಿ ನೀರು ಸರಿಯಾಗಿ ನೂರಕ್ಕೆ ಕುದಿಯುತ್ತದೆ.
ನಾವಿರುವುದು ನಾಲ್ಕು ಸಾವಿರ ಮೀಟರಿನಲ್ಲಿ.
ಮುನ್ನೂರು ಮೀಟರ್ ಇಳಿದರೆ ಒಂದು ಡಿಗ್ರಿ ಹೆಚ್ಚು ಎಂದು ಹಿಡಿಯಿರಿ.
ಅವರ ಮನೆ ಎಷ್ಟು ಎತ್ತರದಲ್ಲಿದೆ?

ಪೆನ್ಸಿಲ್ಲುಗಳು ಕರಕರ ಓಡಿದವು.
"ನೂರು ಮೀಟರ್ ಸಾರ್."
ಅಂದಾಜಿನ ಲೆಕ್ಕ, ನೂರು ಬಿಡಿ, ಎಂದೆ.
"ಹಾಗಾದರೆ ಸೊನ್ನೆ. ಸಮುದ್ರದ ದಡ," ಎಂದ ಎಲೊಯ್.

ತರಗತಿ ಸುಮ್ಮನಾಯಿತು.
ನಮ್ಮ ದೇಶಕ್ಕೆ ಸಮುದ್ರವಿಲ್ಲ.
ಭೂಪಟದಲ್ಲಿ ಎಲ್ಲಿತ್ತು ಎಂದು ಮಾತ್ರ
ಇಲ್ಲಿಯ ಮಕ್ಕಳಿಗೆಲ್ಲ ಬಾಯಿಪಾಠ.
"ಉತ್ತರಪಟ್ಟಿ ಬರೆದವರು ಯಾವ ದೇಶದವರು ಸಾರ್?"
ಹಿಂದಿನಿಂದ ಯಾರೋ ಕೇಳಿದರು. ನಗು ಸಿಡಿಯಿತು,
ನಾನೂ ನಕ್ಕೆ, ಹಲಗೆ ಒರೆಸಲು ಬಟ್ಟೆ ಹುಡುಕಿದೆ.

ವಾರಾ ನಗಲಿಲ್ಲ. ಕೈ ಎತ್ತಿಕೊಂಡೇ ಇದ್ದಳು.
"ಬಿಟ್ಟಿರಲ್ಲ ಸಾರ್,
ಆ ನೂರು ಮೀಟರ್ ಎಲ್ಲಿಂದ ಬಂತು?"