ನಾಲ್ಕನೆಯ ತೊರೆ

ಗಂಗ್ವಾನಿನ ಕಣಿವೆಯಲ್ಲಿ ಹದಿಮೂರು ಮಕ್ಕಳ ಶಾಲೆ,
ಒಂದೇ ಬಸ್ಸು, ಅದಕ್ಕೆ ನಾನು.
ಸಂಜೆ ಗಂಟೆ ಹೊಡೆಯುವವರೆಗೆ ಕಾರಿಡಾರಿನಲ್ಲಿ ಕೂತು
ಬಾರ್ಲಿ ಚಹಾ ಕುಡಿಯುತ್ತ
ನನಗಲ್ಲದ ಪಾಠ ಕೇಳುವುದು ನನ್ನ ಚಟ.

ಪ್ಯೋ ಟೀಚರ್ ಅವತ್ತು ವಿಜ್ಞಾನದ ಪಿರಿಯಡ್ಡಿಗೆ
ಚಿತ್ರದ ಸುರುಳಿಯೊಂದನ್ನು ಬಿಚ್ಚಿದರು.
ಮುನ್ನೂರು ವರ್ಷದ ಹಿಂದೆ ಯಾರೋ
ಹೆಸರು ಹಾಕದೆ ಬರೆದಿಟ್ಟ ಇದೇ ಬೆಟ್ಟ:
ಮಸಿಯ ಮೇಲೆ ಮಸಿ ಎಳೆದು
ಕಾಡಿಗೆಯಷ್ಟು ಕಪ್ಪು.

"ತಪ್ಪು" ಎಂದ ರಿ-ಹ್ವಾನ್, ಕಿಟಕಿಯತ್ತ ಬೆರಳು ಮಾಡಿ.
ಹೊರಗೆ ಬೆಟ್ಟ
ತೊಳೆದು ಹರವಿದ ಅಕ್ಕಿಯ ಹಾಗೆ ಬೆಳ್ಳಗಿತ್ತು.

ಟೀಚರ್ ವಾದಿಸಲಿಲ್ಲ.
ಮೇಜಿನ ಮೇಲೊಂದು ಬಿಳಿಗಲ್ಲಿಟ್ಟು
ಲೋಟದಿಂದ ನೀರು ಸುರಿದರು.
ನೋಡನೋಡುತ್ತ ಕಲ್ಲು ಕಪ್ಪಾಯಿತು.
ನೀರಿನ ತೆಳುಪೊರೆಯೊಳಗೆ ಹೊಕ್ಕ ಬೆಳಕು
ಹೊರಬರುವ ದಾರಿ ತಪ್ಪಿ, ಅಲ್ಲೇ ಅಲೆದಲೆದು
ಕಲ್ಲಿನಲ್ಲೇ ಇಂಗಿಹೋಗುತ್ತದಂತೆ.
ನಮ್ಮ ಕಣ್ಣಿಗೆ ಉಳಿದಷ್ಟೇ.

"ಹಾಗಾದರೆ ಅವನು ಬರೆದದ್ದು
ಮಳೆ ಆಗಷ್ಟೇ ನಿಂತ ಬೆಟ್ಟ," ಅಂದಳು ದಾನ್-ಬಿ.
ಅವಳ ಹೆಸರಿಗೆ ಹದಮಳೆ ಎಂದೇ ಅರ್ಥ.
ಅಮ್ಮ ವಿಯೆಟ್ನಾಮಿನವಳು;
ಹನ್ನೆರಡು ವರ್ಷವಾದರೂ ಊರಿನವರು
ಊಟಕ್ಕೆ ಕರೆದು, ವಾಪಸ್ಸು ಯಾವಾಗ ಎಂದು ಕೇಳುತ್ತಾರೆ.

ಗುರುವಾರ ಹೊಯ್ದಿತು.
ನಿಂತ ಮರುಗಳಿಗೆ ಎಲ್ಲರೂ ಮೈದಾನದಲ್ಲಿ,
ತರಗತಿಯ ಮೆತ್ತನೆ ಚಪ್ಪಲಿಯಲ್ಲೇ, ಕೆಸರಲ್ಲಿ.
ಬೆಟ್ಟ ಕಪ್ಪಗಿತ್ತು. ಚಿತ್ರದಷ್ಟೇ.
ರಿ-ಹ್ವಾನ್ ಅದಕ್ಕೆ ಸೊಂಟ ಬಗ್ಗಿಸಿ ನಮಸ್ಕರಿಸಿದ,
ಒಮ್ಮೆ ತಮಾಷೆಗೆ,
ಇನ್ನೊಮ್ಮೆ ಯಾಕೋ.

ದಾನ್-ಬಿ ಎಣಿಸುತ್ತಿದ್ದಳು.
"ಚಿತ್ರದಲ್ಲಿ ತೊರೆ ನಾಲ್ಕು. ಇಲ್ಲಿ ಮೂರೇ.
ನಮ್ಮ ನಾಲ್ಕನೆಯದು ಎಲ್ಲಿ?"
ನಮ್ಮ, ಅಂದಳು. ಯಾರೂ ಗಮನಿಸಲಿಲ್ಲ.
ಟೀಚರ್ ನಕಾಶೆ ಹುಡುಕಿದರು, ಮತ್ತೆ ಚಿತ್ರ ನೋಡಿದರು,
ಕೊನೆಗೆ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದರು:
ಗೊತ್ತಿಲ್ಲ.

ನನಗೆ ಗೊತ್ತಿತ್ತು.
ಸ್ಟಿಯರಿಂಗ್ ಹಿಡಿಯುವ ಮೊದಲು ಆರು ವರ್ಷ
ಈ ಬೆಟ್ಟದ ಹೊಟ್ಟೆಗೆ ಕುಳಿ ಕೊರೆದು ಮದ್ದು ತುಂಬಿದವನು ನಾನು.
ಒಂದು ರಾತ್ರಿ ಬಂಡೆ ಸೀಳಿ
ತಣ್ಣೀರು ಮುಖಕ್ಕೆ ಚಿಮ್ಮಿತು.
ಎಂಜಿನಿಯರು ಕೊಳವೆ ಹಾಕಿಸಿದ.
ನಾವು ಊಟಕ್ಕೆ ಹೋದೆವು.

ಸಂಜೆ ಸುರಂಗದಲ್ಲಿ, ಹಳದಿ ದೀಪಗಳ ಕೆಳಗೆ,
ಹಿಂದಿನ ಸೀಟಿನಿಂದ ಎದ್ದು ಬಂದು
ದಾನ್-ಬಿ ನನ್ನ ಭುಜ ತಟ್ಟಿದಳು:
"ಅಜ್ಜಾ,
ಇಲ್ಲಿ ಮಾತ್ರ ಗೋಡೆ ಯಾಕೆ ಕಪ್ಪು?"

ಹಿಂದೆ ಲಾರಿಯೊಂದು ಹಾರನ್ನು ಹೊಡೆಯುತ್ತಿತ್ತು.
ನಾನು ಬ್ರೇಕು ಒತ್ತಿದೆ.