ಹುಟ್ಟಿಗೆ ಕಿವಿ

ಬೈತಖೋಲದ ತಾಂಡೇಲ ಗಣಬಾ ಅಂಗಿ ಬಿಚ್ಚಿ ಕೂತ.
ಸ್ಟೆತಾಸ್ಕೋಪು ತಣ್ಣಗಿತ್ತು, ಬೆಚ್ಚಿದ.
ಎಡಗಡೆ, ಕೆಳಗೆ,
ಒದ್ದೆ ಮರಳ ಮೇಲೆ ಯಾರೋ ನಡೆದ ಸದ್ದು.

"ಏನ್ ಕೇಳ್ತದೆ ಡಾಕ್ಟ್ರೇ?"
ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಿದ್ದಿಲ್ಲ ಇದನ್ನು.
ಗುಳಿಗೆ ಎಷ್ಟು ದಿನ, ಮೀನು ತಿನ್ನಬಹುದೋ,
ಸೂಜಿ ಯಾಕಿಲ್ಲ, ಇಷ್ಟೇ.

ಅವನೇ ಅಂದ: ನಾವೂ ಹೀಗೇ.
ರಾತ್ರಿ ದೋಣಿ ನಿಲ್ಲಿಸಿ, ಹುಟ್ಟು ನೀರಿಗಿಳಿಸಿ
ಹಿಡಿಗೆ ಕಿವಿ ಆನಿಸಿದರೆ
ತಳದಲ್ಲಿ ಮೀನಿನ ಹಿಂಡು ಗೊರಗೊರ.
ಕೇಳದಿದ್ದರೆ ಬಲೆ ಬಿಡೂದಿಲ್ಲ. ಮನೆಗೆ ಹೋಗ್ತೇವೆ.

ನಕ್ಕೆ. ನನಗೆಲ್ಲಿದೆ ಆ ಸವಲತ್ತು?
ಏನೂ ಕೇಳದಿದ್ದಾಗಲೂ ಚೀಟಿಯಲ್ಲಿ ಏನಾದರೂ ಬರೆಯಬೇಕು;
ಬಂದವರು ಏಳುವುದು ಚೀಟಿ ಹರಿದ ಸದ್ದಿಗೆ.
ಆ ಸದ್ದೂ ಈಗ ಬಲಗಿವಿಗೆ ಅಷ್ಟಕ್ಕಷ್ಟೆ.
ಹೆಂಡತಿಗೆ ಗೊತ್ತು. ಕಾಂಪೌಂಡರ್ ಶಾಣೂಗೆ ಅನುಮಾನ.

ಹೋದ ಆಷಾಢ, ಸದಾಶಿವಗಡದವಳು,
ಇಪ್ಪತ್ತಾರು, ಬಾಣಂತಿ. ದಣಿವು ಎಂದಳು.
ಎದೆ ಕೇಳಿದೆ. ಹೊರಗೆ ತಗಡಿನ ಮೇಲೆ ಮಳೆ.
ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ಬರೆದೆ.
ನಾಲ್ಕನೆಯ ರಾತ್ರಿ ಗೋವೆಗೆ ಒಯ್ದರು,
ಆಂಬುಲೆನ್ಸು ಕಾಣಕೋಣ ದಾಟುವಷ್ಟರಲ್ಲಿ
ಅವಸರವೇ ಉಳಿದಿರಲಿಲ್ಲ.
ಎದೆಯಲ್ಲಿ ಸದ್ದಿತ್ತೋ, ಮಳೆಯೋ, ನನ್ನ ಕಿವಿಯೋ.
ಗಂಡ ಆಮೇಲೆ ಬಂದ. ಬೈಯಲಿಲ್ಲ.
ಬಾಕಿ ಇಪ್ಪತ್ತು ರೂಪಾಯಿ ಮೇಜಿನ ಮೇಲಿಟ್ಟು ಹೋದ.

ಗಣಬಾ ಗುಂಡಿ ತಪ್ಪಿಸಿ ಅಂಗಿ ಹಾಕುತ್ತಿದ್ದಾನೆ.
"ತಡಿ, ಇನ್ನೊಮ್ಮೆ."
ಫ್ಯಾನು ಆರಿಸಿದೆ. ಕಿಟಕಿ ಮುಚ್ಚಿದೆ.
ಎಡಗಿವಿಯನ್ನು, ಬರಿಯ ಕಿವಿಯನ್ನು,
ಅವನ ಬೆನ್ನಿಗಿಟ್ಟೆ.
ಉಪ್ಪು, ಬೀಡಿ, ಡೀಸೆಲ್ಲು.
ಅವನೋ, ನೀರ ಮೇಲಿದ್ದವನ ಹಾಗೆ,
ಉಸಿರು ಬಿಗಿಹಿಡಿದು ಕೂತುಬಿಟ್ಟ.

ಉಸಿರಾಡು ಮಾರಾಯ, ಎಂದೆ.