ಊಟದ ಪ್ಲೇಟು

ಬೋರಾ ಬಜಾರಿನ ಮೂರನೇ ಮಾಳಿಗೆ, ರಾತ್ರಿಶಾಲೆ.
ಎಂಟೂವರೆಯ ಮೇಲೆ ಭೂಗೋಳ.
ಹಗಲೆಲ್ಲ ಗೋದಿಯಲ್ಲಿ ಮೂಟೆಗಳ ಲೆಕ್ಕ ಬರೆದ ಬಂಗೇರ ಮಾಸ್ತರು
ಶಾಯಿ ಹತ್ತಿದ ಕೈಯಲ್ಲೇ ಸೀಮೆಸುಣ್ಣ ಹಿಡಿದು
ಭೂಮಿಯ ಚಿಪ್ಪು ಒಡೆದು ಹೋಳುಹೋಳಾಗಿದೆ,
ಇಂಗ್ಲಿಷಿನವರು ಪ್ಲೇಟು ಅಂತಾರೆ ಅದಕ್ಕೆ, ಅಂದರು.

ಹಿಂದಿನ ಬೆಂಚಿನಿಂದ ಐತ:
ಚಟ್ನಿ ಪ್ಲೇಟೋ ಸರ್, ಊಟದ ಪ್ಲೇಟೋ?

ಎಲ್ಲರೂ ನಕ್ಕೆವು. ನಗುತ್ತಲೇ ತೂಕಡಿಸಿದವರೂ ಇದ್ದರು.
ಮಾಸ್ತರು ನಗಲಿಲ್ಲ, ಯೋಚಿಸಿದರು.
ಊಟದ್ದೇ ಅಂತಿಟ್ಟುಕೋ.
ಸೋಡಾ ನೀರಿನ ತೊಟ್ಟಿಯಲ್ಲಿ
ಒಂದರ ಅಂಚು ಇನ್ನೊಂದರಡಿಗೆ ಜಾರುತ್ತಲ್ಲ, ನೋಡಿದ್ದೀಯಾ?

ನೋಡಿದ್ದೆವು.
ಮುಂಬಯಿಯಲ್ಲಿ ಬೇರೇನು ನೋಡಿದ್ದೆವು ಆಗ!

ಪುಸ್ತಕದಲ್ಲಿ ಈ ಮಾತಿರಲಿಲ್ಲ.
ಪುಸ್ತಕದ ಭೂಮಿ ಒಣಗಿ ಸುಕ್ಕಾದ ಹಣ್ಣು,
ಸುಕ್ಕಿನ ಏರೇ ಹಿಮಾಲಯ.
ಪರೀಕ್ಷೆಗೆ ಹಣ್ಣನ್ನೇ ಬರೀರಿ, ಅಂದರು ಮಾಸ್ತರು,
ತಲೆಯಲ್ಲಿ ತಟ್ಟೆ ಇಟ್ಟುಕೊಳ್ಳಿ.

ಅದಕ್ಕೂ ಎರಡು ವರ್ಷ ಹಿಂದೆ
ಕೊಯ್ನಾ ನಡುಗಿದ ನಸುಕಿನಲ್ಲಿ
ಮೇಜು ಜೋಡಿಸಿ ಮಲಗಿದ್ದ ನಮಗೆ
ಮೊದಲು ಕೇಳಿದ್ದು ಕಪಾಟಿನೊಳಗಿನ ಗಾಜು.
ಗಲ್ಲೆಯ ಹಿಂದಿನಿಂದ ಧಣಿ ಬೆಕ್ಕನ್ನು ಬೈದರು.
ಬೀದಿ ತುಂಬ ಜನ, ಬನಿಯನ್ನು, ಲುಂಗಿ, ಕಂಕುಳಲ್ಲಿ ಮಕ್ಕಳು.
ಐತ ಮಾತ್ರ ಒಳಗೇ ನಿಂತು ಲೋಟ ಎಣಿಸಿದ.
ಒಡೆದದ್ದು ಎರಡು. ಕೈತಪ್ಪಿಸಿದವನು ನಾನು, ಓಡುವ ಗಡಿಬಿಡಿಯಲ್ಲಿ.
ಪಗಾರದಲ್ಲಿ ಹಿಡಿದದ್ದು ನಾಲ್ಕರ ದುಡ್ಡು,
ಅದೂ ಐತನದು.

ಎಷ್ಟು ಜೋರಾಗಿ ಹೋಗ್ತದೆ ಸರ್, ನಮ್ಮ ಪ್ಲೇಟು?
ಉಗುರು ಬೆಳೆಯುವಷ್ಟು.
ಎಲ್ಲರೂ ಉಗುರು ನೋಡಿಕೊಂಡೆವು.
ಸೋಡಾ ತಿಂದು, ಬೂದಿ ತಿಂದು
ಮೊಂಡಾದ ಹತ್ತು ಹತ್ತು ಉಗುರು.
ನಮ್ಮದು ಬೆಳೆಯುವುದೇ ಇಲ್ಲ ಸರ್.
ಮಾಸ್ತರು ತಮ್ಮ ಕೈ ಚಾಚಿದರು:
ಹಾಗಾದರೆ ನನ್ನದು ನೋಡಿ.
ಹೆಬ್ಬೆರಳ ಬುಡದಲ್ಲಿ ನೀಲಿ ಶಾಯಿಯ ಒಂದು ಗೆರೆ.
ದೀಪಾವಳಿಯ ಹೊತ್ತಿಗೆ ಅದು ತುದಿ ಮುಟ್ಟಿತ್ತು,
ಕತ್ತರಿಸಿ ಬಿಸಾಡಿದ್ದರು.

ಈಗ ನಾನು ಅಂಧೇರಿಯಲ್ಲಿ, ಗಿಲ್ಬರ್ಟ್ ಗುಡ್ಡದ ಬೆನ್ನಿಗೆ.
ಅಡುಗೆಮನೆ ಕಿಟಕಿ ತುಂಬ ಕಪ್ಪು ಕಲ್ಲಿನ ಕಂಬಗಳು,
ಮಳೆಗಾಲಕ್ಕೆ ಒಟ್ಟಿದ ಸೌದೆಯ ಹಾಗೆ ನೆಟ್ಟಗೆ.
ತಲೆಯ ಮೇಲೆ ಗಾಂವ್‌ದೇವಿ, ಕಾಲ ಬಳಿ
ಯಾರದೋ ಒಣಗದ ಚಾದರ.
ಹರಿದ ಬೆಂಕಿ ಆರುತ್ತ ಆರುತ್ತ ಸೀಳಿಕೊಂಡದ್ದಂತೆ,
ಆರೂವರೆ ಕೋಟಿ ವರ್ಷ.
ಆಗ ಈ ದಂಡೆಯ ಮಗ್ಗುಲಿಗೇ
ಸೆಶೆಲ್ಸ್ ಮಲಗಿತ್ತಂತೆ, ಒಂದೇ ಚಾಪೆ.
ನಡುವೆ ಬಿರುಕು, ಬಿರುಕಿನಲ್ಲಿ ನೀರು,
ಈಗ ನಡುವೆ ಇಡೀ ಅರಬ್ಬೀ ಕಡಲು.

ಏಳನೇ ಇಯತ್ತೆಯ ನಡುವಿನಲ್ಲಿ ಐತ
ಮಾಟುಂಗಾದ ಇನ್ನೊಂದು ಹೋಟೆಲಿಗೆ ಹೋದ.
ಜಗಳವಿಲ್ಲ. ಹತ್ತು ರೂಪಾಯಿ ಜಾಸ್ತಿ, ಅಷ್ಟೆ.
ನಡುವೆ ಒಂದೇ ರೈಲು, ಬೆರಳೆಣಿಕೆಯ ಸ್ಟೇಶನ್.
ಒಂದು ಆದಿತ್ಯವಾರ ನನಗೆ ಜ್ವರ.
ಮುಂದಿನ ಆದಿತ್ಯವಾರ ಅವನಿಗೆ ಡ್ಯೂಟಿ.
ಅದರ ಮುಂದಿನದ್ದು ನೆನಪಿಲ್ಲ.

ಮೊನ್ನೆ ಹಾಲಿನ ಚೀಟಿಯ ಹಿಂದೆ ಲೆಕ್ಕ ಹಾಕಿದೆ:
ವರ್ಷಕ್ಕೆ ಐದು ಸೆಂಟಿಮೀಟರು, ಐವತ್ತೈದು ವರ್ಷ.
ಎರಡು ಮುಕ್ಕಾಲು ಮೀಟರು.
ನಾವು ಜೋಡಿಸಿ ಮಲಗುತ್ತಿದ್ದ ಮೇಜುಗಳ ಉದ್ದ ಸುಮಾರಿಗೆ.
ಅಷ್ಟು ದೂರ ಈಶಾನ್ಯಕ್ಕೆ ಸರಿದಿದೆ
ಮುಂಬಯಿ, ರೈಲು ಹಳಿ ಗೋದಿ ಗಟಾರ ಸಮೇತ.
ಮಾಟುಂಗಾವೂ.
ಅಂದಮೇಲೆ ಈ ಲೆಕ್ಕದಲ್ಲಿ ಐತ
ನನ್ನಿಂದ ಒಂದು ಗೇಣೂ ದೂರ ಹೋಗಿಲ್ಲ ಸರ್.
ಒಂದೇ ತಟ್ಟೆಯವರು ನಾವು.

ರಾತ್ರಿ ಸಿಂಕಿನಲ್ಲಿ ಎರಡು ತಟ್ಟೆ
ಒಂದರಡಿಗೊಂದು ಜಾರಿ, ಟಣ್.
ಕೈ ಹಾಗೇ ನಿಲ್ಲುತ್ತದೆ ನೀರಿನೊಳಗೆ.
ಕಿಟಕಿಯಾಚೆ ಆ ಕಲ್ಲು ಹೋಗುತ್ತಲೇ ಇದೆ.
ಆ ಲೋಟಗಳ ದುಡ್ಡು
ಇನ್ನೂ ಕೊಟ್ಟಿಲ್ಲ.